ಗುಲಾಬಿ ಹಾಳೆಯ ಆರನೇ ಸಾಲು: ನಾವು ಸೇರಿದ ನಿವೃತ್ತರ ಕಮ್ಯುನಿಟಿ ಮತ್ತು ಅದು ಕೇಳಿದ ಇನ್ಶೂರೆನ್ಸ್

ಈ ಜಾಗದ ಹೆಸರು ಬರೆಯುವುದಿಲ್ಲ. ನಾವಿನ್ನೂ ಇಲ್ಲೇ ಇದ್ದೇವೆ. ಆಫೀಸಿನವರೂ ನಾವೂ ಒಂದೇ ಹಾಲ್‌ನಲ್ಲಿ ಊಟ ಮಾಡುತ್ತೇವೆ. ಪೆನ್ಸಿಲ್ವೇನಿಯಾ, ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಅಷ್ಟು ಸಾಕು. ಈ ಕಡೆ ಇಂಥ ಕಮ್ಯುನಿಟಿಗಳು ಬೇಕಾದಷ್ಟಿವೆ, ಯಾವುದು ಅಂತ ಹುಡುಕಲು ಹೋಗಬೇಡಿ.

ನನಗೆ 70, ನಮ್ಮವರಿಗೆ 76. ನ್ಯೂಜೆರ್ಸಿಯಲ್ಲಿ 37 ವರ್ಷ ಬಾಳಿದ ಮನೆ ಮಾರಿ, 2025ರ ಜುಲೈನಲ್ಲಿ ಇಲ್ಲಿಗೆ ಬಂದೆವು. ಮೆಟ್ಟಿಲು ಹತ್ತಿ ಇಳಿದು, ಹಿಮ ಎತ್ತಿ ಸಾಕಾಗಿತ್ತು. ‘ನೀವಿಬ್ಬರಲ್ಲಿ ಯಾರಾದರೂ ಬಿದ್ದರೆ ನನಗೆ ಗೊತ್ತಾಗುವುದು ಮಾರನೇ ದಿನ ಅಮ್ಮ’ ಅಂತ ಸಿಯಾಟಲ್‌ನಲ್ಲಿರುವ ಮಗಳು ಪ್ರತಿ ಭಾನುವಾರ ರಾಗ ಎಳೆಯುತ್ತಿದ್ದಳು.

ಇಂಥ ಜಾಗಕ್ಕೆ ಸಿಸಿಆರ್‌ಸಿ, ಅಂದರೆ ಕಂಟಿನ್ಯೂಯಿಂಗ್ ಕೇರ್ ರಿಟೈರ್‌ಮೆಂಟ್ ಕಮ್ಯುನಿಟಿ ಅನ್ನುತ್ತಾರೆ. ಈಚೆಗೆ ಲೈಫ್ ಪ್ಲಾನ್ ಕಮ್ಯುನಿಟಿ ಅಂತ ಹೊಸ ಹೆಸರೂ ಇಟ್ಟಿದ್ದಾರೆ. ಕೈಕಾಲು ಗಟ್ಟಿ ಇರುವಾಗ ಅಪಾರ್ಟ್‌ಮೆಂಟ್. ಸ್ನಾನಕ್ಕೆ, ಬಟ್ಟೆಗೆ, ಮಾತ್ರೆಗೆ ಸಹಾಯ ಬೇಕಾದಾಗ ಅಸಿಸ್ಟೆಡ್ ಲಿವಿಂಗ್. ಅದಕ್ಕೂ ಮೀರಿದರೆ ನರ್ಸಿಂಗ್. ಮೂರೂ ಒಂದೇ ಕಾಂಪೌಂಡಿನೊಳಗೆ. ಸೇರುವಾಗ ದೊಡ್ಡ ಮೊತ್ತದ ಎಂಟ್ರೆನ್ಸ್ ಫೀ, ಆಮೇಲೆ ತಿಂಗಳು ತಿಂಗಳು ಫೀ. ಕರಾರಿನಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಎ ಅಂದರೆ ಮುಂದೆ ನರ್ಸಿಂಗ್‌ಗೆ ಹೋದರೂ ತಿಂಗಳ ಫೀ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಿ ಅಂದರೆ ನರ್ಸಿಂಗ್‌ಗೆ ಹೋದ ದಿನದಿಂದ ಅವತ್ತಿನ ಮಾರ್ಕೆಟ್ ರೇಟು. ಬಿ ಇವೆರಡರ ನಡುವೆ. ನಮ್ಮದು ಎ. ಇಬ್ಬರಿಗೂ ಸೇರಿ ಎಂಟ್ರೆನ್ಸ್ 3.6 ಲಕ್ಷ ಡಾಲರ್, ತಿಂಗಳಿಗೆ 6,800.

ಜಾಗಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ನರ್ಸ್‌ಗಳು ಒಳ್ಳೆಯವರು, ದಾರಿಯಲ್ಲಿ ದೀಪ ಇದೆ, ಲೈಬ್ರರಿ ಚೆನ್ನಾಗಿದೆ. ಅರ್ಧ ಸ್ಟಾರ್ ಕಳೆದದ್ದು ಹೊಗೆ ಅಲಾರ್ಮಿಗೆ. ಬಂದ ಮೂರನೇ ದಿನ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಇಂಗು ಬಿದ್ದದ್ದೇ ತಡ, ಇಡೀ ಕಾರಿಡಾರ್ ಕೂಗಿಕೊಂಡಿತು. ಸೆಕ್ಯೂರಿಟಿಯವನು ಓಡಿಬಂದ. ಈಗ ಬಾಲ್ಕನಿ ಬಾಗಿಲು ತೆರೆದು, ಫ್ಯಾನ್ ಹಾಕಿ, ದೇವರಿಗೆ ಕೈಮುಗಿದು ಒಗ್ಗರಣೆ ಹಾಕುತ್ತೇನೆ.

ಸೇರಿಸಿಕೊಳ್ಳುವ ಆಫೀಸಿಗೆ ಮಾತ್ರ ಎರಡೇ ಸ್ಟಾರ್. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಮೊದಲ ಸಲ ನೋಡಲು ಹೋದಾಗ ಒಂದು ಗುಲಾಬಿ ಬಣ್ಣದ ಹಾಳೆ ಕೊಟ್ಟರು. ಸೇರಲು ಏನೇನು ಬೇಕು ಅಂತ ಒಂಬತ್ತು ಸಾಲು. ವಯಸ್ಸು 62 ದಾಟಿರಬೇಕು, ಆಸ್ತಿ ಆದಾಯದ ಲೆಕ್ಕ, ಡಾಕ್ಟರ್ ದಾಖಲೆ, ಹೀಗೆ. ಆರನೇ ಸಾಲಿನಲ್ಲಿ ಇದ್ದದ್ದು ಇಷ್ಟು: ಮೆಡಿಕೇರ್ ಪಾರ್ಟ್ ಎ, ಪಾರ್ಟ್ ಬಿ, ಜೊತೆಗೆ ಕಮ್ಯುನಿಟಿ ಒಪ್ಪುವ ಸಪ್ಲಿಮೆಂಟ್ ಪಾಲಿಸಿ. ಮೆಡಿಕೇರ್ ಅಂದರೆ 65 ದಾಟಿದವರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆ. ಪಾರ್ಟ್ ಎ ಆಸ್ಪತ್ರೆಗೆ, ಪಾರ್ಟ್ ಬಿ ಡಾಕ್ಟರ್ ಖರ್ಚಿಗೆ. ನಮ್ಮವರು ಪರ್ಸ್ ತೆಗೆದು ಕಾರ್ಡ್ ನೋಡಿಕೊಂಡು ‘ಎಲ್ಲಾ ಇದೆ’ ಅಂದರು. ಮಾರ್ಕೆಟಿಂಗ್ ಹುಡುಗಿ ನಕ್ಕು ಟಿಕ್ ಹಾಕಿದಳು. ಕಾರ್ಡ್ ಯಾವುದು ಅಂತ ಅವಳೂ ನೋಡಲಿಲ್ಲ.

ಆಮೇಲೆ ನರ್ಸ್ ಬಂದು ಪರೀಕ್ಷೆ ಮಾಡಿದರು. ನಡೆಸಿ ನೋಡಿದರು, ಕುರ್ಚಿಯಿಂದ ಕೈ ಊರದೆ ಏಳಿಸಿದರು. ಗಡಿಯಾರ ಬರೆದು ಮುಳ್ಳು ಇಡಿ ಅಂದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳಿ ಅಂದರು. ನಮ್ಮವರು ಐದನ್ನೂ ಪಟಪಟ ಹೇಳಿ, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, ‘ತರಕಾರಿ ಪಟ್ಟಿ ಮರೆಯುತ್ತೇನೆ ಅಂತೀಯಲ್ಲ’ ಅಂದರು. ಈ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಜಾಗದವರು ಅಪಾರ್ಟ್‌ಮೆಂಟಿಗೆ ಸೇರಿಸಿಕೊಳ್ಳುವುದು ಸ್ವಂತವಾಗಿ ಬದುಕಬಲ್ಲವರನ್ನು. ಆಮೇಲೆ ನೋಡೋಣ ಅಂತ ಕಾದರೆ ಬಾಗಿಲು ಮುಚ್ಚಿಬಿಡಬಹುದು.

ಇಬ್ಬರೂ ಪಾಸ್. ಹತ್ತು ಪರ್ಸೆಂಟ್, ಅಂದರೆ 36,000 ಡಾಲರ್ ಕಟ್ಟಿದೆವು. ಮನೆ ಮಾರಾಟಕ್ಕೆ ಬೋರ್ಡ್ ಬಿತ್ತು. 2025ರ ಏಪ್ರಿಲ್ ಮೊದಲ ವಾರ ಆಫೀಸಿನಿಂದ ಫೋನ್. ‘ನಿಮ್ಮದು ಅಡ್ವಾಂಟೇಜ್ ಪ್ಲಾನ್. ಇದು ನಡೆಯುವುದಿಲ್ಲ. ಸಪ್ಲಿಮೆಂಟ್ ಬೇಕು.’

ಇಲ್ಲಿ ನಮ್ಮ ತಪ್ಪೂ ಇದೆ, ಒಪ್ಪುತ್ತೇನೆ. ಸಪ್ಲಿಮೆಂಟ್ ಅಂದರೆ ಮೆಡಿಗ್ಯಾಪ್. ಅದು ಮೆಡಿಕೇರ್‌ನ ಬೆನ್ನ ಹಿಂದೆ ನಿಂತಿರುತ್ತದೆ. ಮೆಡಿಕೇರ್ ಕೊಟ್ಟು ಉಳಿದದ್ದನ್ನು ಅದು ತುಂಬುತ್ತದೆ. ಅಡ್ವಾಂಟೇಜ್ ಹಾಗಲ್ಲ, ಮೆಡಿಕೇರ್‌ನ ಜಾಗದಲ್ಲಿ ಅದೇ ಬಂದು ಕೂರುತ್ತದೆ. ಖಾಸಗಿ ಕಂಪನಿ, ಅದರದೇ ಡಾಕ್ಟರ್ ಪಟ್ಟಿ, ಅದರದೇ ಅನುಮತಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮವರು 2014ರಲ್ಲಿ 65 ತುಂಬಿದಾಗ ಅಡ್ವಾಂಟೇಜ್ ಹಿಡಿದರು. ಪಾರ್ಟ್ ಬಿ ದುಡ್ಡು ಬಿಟ್ಟರೆ ಬೇರೆ ಪ್ರೀಮಿಯಂ ಸೊನ್ನೆ, ಜಿಮ್ ಫ್ರೀ, ಹಲ್ಲು ಕ್ಲೀನಿಂಗ್ ಫ್ರೀ. 2020ರಲ್ಲಿ ನನ್ನ ಸರದಿ ಬಂದಾಗ ನಾನೂ ಸುಮ್ನೆ ಅವರ ಹಿಂದೆ ಹೋದೆ. ಹನ್ನೊಂದು ವರ್ಷದಲ್ಲಿ ಜಿಮ್ಮಿಗೆ ಹೋದದ್ದು ನಾಲ್ಕು ಸಲ.

ನನ್ನ ಪಾರ್ಟ್ ಎ ಬಗ್ಗೆಯೂ ಒಂದು ಮಾತು. ಪ್ರೀಮಿಯಂ ಇಲ್ಲದೆ ಅದು ಸಿಗಲು 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷ, ದುಡಿದಿರಬೇಕು. ಕೌಂಟಿ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಲೈಬ್ರರಿಯಲ್ಲಿ ಪಾರ್ಟ್ ಟೈಮ್ ಮಾಡಿದ ನನಗೆ ಅಷ್ಟು ತುಂಬಿರಲಿಲ್ಲ, 31 ಇತ್ತು. ಗಂಡನ 40ರ ಮೇಲೆ ನನಗೂ ಪ್ರೀಮಿಯಂ ಇಲ್ಲದೆ ಬಂತು. ಗ್ರೀನ್ ಕಾರ್ಡ್ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಕೇಳುತ್ತಿರುತ್ತಾರೆ, ಅವರಿಗೆ ಹೇಗೆ ಅಂತ. 65 ದಾಟಿ, ಐದು ವರ್ಷ ಬಿಡದೆ ಇಲ್ಲಿ ಇದ್ದರೆ ಮೆಡಿಕೇರ್ ಕೊಳ್ಳಬಹುದು. ಆದರೆ ಕೆಲಸದ ಕ್ವಾರ್ಟರ್ ಇಲ್ಲದಿದ್ದರೆ ಪಾರ್ಟ್ ಎಗೇ 2025ರಲ್ಲಿ ತಿಂಗಳಿಗೆ 518 ಡಾಲರ್, ಪಾರ್ಟ್ ಬಿ 185 ಬೇರೆ. ಸಿಸಿಆರ್‌ಸಿ ಎರಡೂ ಕೇಳುತ್ತದೆ.

ಸರಿ, ಮೆಡಿಗ್ಯಾಪ್ ಕೊಂಡರಾಯಿತು ಅಂದುಕೊಂಡೆವು. ಅರ್ಜಿ ತುಂಬಿದೆವು. ಆಗ ಗೊತ್ತಾಯಿತು ಇದರ ಹುಳುಕು. 65 ತುಂಬಿ ಪಾರ್ಟ್ ಬಿ ಶುರುವಾದ ಮೇಲೆ ಆರು ತಿಂಗಳು ಮಾತ್ರ ಯಾವ ಕಂಪನಿಯೂ ಆರೋಗ್ಯದ ಪ್ರಶ್ನೆ ಕೇಳಿ ಬೇಡ ಅನ್ನುವ ಹಾಗಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕೇಳಬಹುದು, ಬೇಡ ಅನ್ನಬಹುದು. ನ್ಯೂಯಾರ್ಕ್, ಕನೆಕ್ಟಿಕಟ್‌ನವರು ಪುಣ್ಯವಂತರು, ಅಲ್ಲಿ ಯಾವಾಗ ಬೇಕಾದರೂ ಕೊಡಲೇಬೇಕು. ಪೆನ್ಸಿಲ್ವೇನಿಯಾದಲ್ಲಿ ಹಾಗಿಲ್ಲ. ನಮ್ಮವರಿಗೆ 2023ರಲ್ಲಿ ಸ್ಟೆಂಟ್ ಹಾಕಿದ್ದರು, ಇನ್ಸುಲಿನ್ ಬೇರೆ. ಅರ್ಜಿ ಹೋದ ಒಂಬತ್ತನೇ ದಿನ ವಾಪಸ್. ಒಂದು ಪ್ಯಾರಾದ ಕಾಗದ.

ಆಫೀಸಿಗೆ ಫೋನ್ ಮಾಡಿ ಕೇಳಿದೆ, ಈಗೇನು ಮಾಡಬೇಕು? ‘ಬೇರೆ ಕಂಪನಿ ನೋಡಿ’ ಅಂದರು. ಬೇರೆ ಕಂಪನಿಯೂ ಬೇಡ ಅಂದರೆ? ‘ಅದು ನಿಮಗೆ ಬಿಟ್ಟದ್ದು.’ ಎರಡು ಸ್ಟಾರ್ ಕೊಟ್ಟದ್ದು ಈ ಮಾತಿಗೆ. ಮನೆಗೆ ಗಿರಾಕಿ ಸಿಕ್ಕಾಗಿತ್ತು. ಅಂದು ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಅವರು ಯಾಕೆ ಇಷ್ಟು ಹಟ ಹಿಡಿಯುತ್ತಾರೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಮೆಡಿಕೇರ್ ವೃದ್ಧಾಪ್ಯದ ಆರೈಕೆಯನ್ನು ನೋಡಿಕೊಳ್ಳುತ್ತದೆ ಅನ್ನುವುದು ದೊಡ್ಡ ಭ್ರಮೆ. ಸ್ನಾನ ಮಾಡಿಸುವುದು, ತಿನ್ನಿಸುವುದು ಮಾತ್ರ ಬೇಕಾದವರಿಗೆ ಅದು ಒಂದು ಕಾಸೂ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಇನ್‌ಪೇಷೆಂಟ್ ಆಗಿದ್ದು ಬಂದವರಿಗೆ ಸ್ಕಿಲ್ಡ್ ನರ್ಸಿಂಗ್, ಅಂದರೆ ನರ್ಸ್ ಅಥವಾ ಥೆರಪಿಯವರೇ ಮಾಡಬೇಕಾದ ಆರೈಕೆ, ಬೇಕಾದರೆ, ಒಂದು ಸಲಕ್ಕೆ ಹೆಚ್ಚೆಂದರೆ 100 ದಿನ. ಮೊದಲ 20 ದಿನ ಪೂರ್ತಿ ಅದರದೇ. 21ರಿಂದ 100ರವರೆಗೆ ದಿನಕ್ಕೆ 209.50 ಡಾಲರ್ ನಮ್ಮ ಪಾಲು, 2025ರ ರೇಟು. ಎಂಬತ್ತು ದಿನಕ್ಕೆ 16,760. ಎ ಕರಾರಿನವರಿಗೆ ನರ್ಸಿಂಗ್ ಖರ್ಚು ಕಮ್ಯುನಿಟಿಯ ತಲೆಯ ಮೇಲೆ, ಅಲ್ವಾ? ಹಾಗಾಗಿ ಆ ನೂರು ದಿನವನ್ನು ಮೆಡಿಕೇರ್ ಮತ್ತು ಮೆಡಿಗ್ಯಾಪ್ ಹೊರಲಿ ಅಂತ ಅವರ ಲೆಕ್ಕ. ತಪ್ಪೇನಿಲ್ಲ. ನಮ್ಮ ಕರಾರಿನಲ್ಲಿ ಇನ್ನೊಂದು ಸಾಲೂ ಇದೆ. ಪ್ರೀಮಿಯಂ ಕಟ್ಟದೆ ಪಾಲಿಸಿ ಬಿದ್ದುಹೋದರೆ, ಅದು ಕೊಡಬೇಕಾಗಿದ್ದ ದುಡ್ಡನ್ನು ನಾವು ಕೈಯಿಂದ ಕೊಡಬೇಕು. ಇದನ್ನು ಓದದೆ ಸಹಿ ಹಾಕಬೇಡಿ. ಮೆಡಿಗ್ಯಾಪ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ಪ್ಲಾನ್ ಎ ಮತ್ತು ಬಿ ಈ 21ನೇ ದಿನದ ಮೇಲಿನ ದುಡ್ಡು ಕೊಡುವುದೇ ಇಲ್ಲ. ಪ್ಲಾನ್ ಎ ಅನ್ನುವುದೇ ಬೇರೆ, ಪಾರ್ಟ್ ಎ ಅನ್ನುವುದೇ ಬೇರೆ. ಇದಕ್ಕೆ ಹೆಸರಿಟ್ಟ ಪುಣ್ಯಾತ್ಮ ಯಾರೋ! ನಮ್ಮ ಕರಾರು ಕೂಡ ಟೈಪ್ ಎ.

ಈಗ ಐದು ಸ್ಟಾರಿನ ವಿಷಯ. ಪ್ರತಿ ರಾಜ್ಯದಲ್ಲೂ ಮೆಡಿಕೇರ್ ಬಗ್ಗೆ ಪುಕ್ಕಟೆಯಾಗಿ ಸಲಹೆ ಕೊಡುವ ಶಿಪ್ ಅನ್ನುವ ಸೇವೆ ಇದೆ. ಪೆನ್ಸಿಲ್ವೇನಿಯಾದಲ್ಲಿ ಅದರ ಹೆಸರು ಪಿಎ ಮೆಡಿ, ಕೌಂಟಿಯ ಹಿರಿಯರ ಇಲಾಖೆಯ ಮೂಲಕ ನಡೆಯುತ್ತದೆ. ಕ್ಯಾಲಿಫೋರ್ನಿಯಾದವರು ಹೈಕ್ಯಾಪ್ ಅನ್ನುತ್ತಾರೆ. ಇವರು ಯಾವ ಪಾಲಿಸಿಯನ್ನೂ ಮಾರುವುದಿಲ್ಲ, ಅದೇ ಅವರ ದೊಡ್ಡ ಗುಣ. ನಮಗೆ ಸಿಕ್ಕ ವಾಲಂಟಿಯರ್ ಸುಮಾರು ನನ್ನ ವಯಸ್ಸಿನ ಹೆಂಗಸು. ಕೈಯಲ್ಲಿ ಹಳದಿ ಪ್ಯಾಡು, ಮೊನೆ ಮಾಡಿದ ಪೆನ್ಸಿಲ್ಲು. ನಾನು ಸ್ಟೆಂಟು, ಇನ್ಸುಲಿನ್ನು, ಬೇಡ ಅಂದ ಕಾಗದ ಎಲ್ಲಾ ಹೇಳಿ ಮುಗಿಸಿದೆ. ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

‘ಈಗ ಯಾವ ಕೌಂಟಿಯಲ್ಲಿದ್ದೀರಿ?’

ನ್ಯೂಜೆರ್ಸಿ ಅಂದೆ. ಆಯಮ್ಮ ಪೆನ್ಸಿಲ್ ಕೆಳಗಿಟ್ಟು ನಕ್ಕರು.

ವಿಷಯ ಇಷ್ಟೇ. ಅಡ್ವಾಂಟೇಜ್ ಪ್ಲಾನ್‌ಗಳು ಕೌಂಟಿ ಲೆಕ್ಕದಲ್ಲಿ ಇರುತ್ತವೆ. ಆ ಪ್ಲಾನ್ ನಡೆಯುವ ಜಾಗ ಬಿಟ್ಟು ಬೇರೆ ಕಡೆಗೆ ಮನೆ ಬದಲಾಯಿಸಿದರೆ ಅದು ತಾನಾಗಿ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋದವರು ಸರ್ಕಾರವೇ ನಡೆಸುವ ಹಳೆಯ ಮೆಡಿಕೇರ್‌ಗೆ ಮರಳಿದರೆ ಅವರಿಗೆ ಮೆಡಿಗ್ಯಾಪ್ ಕೊಡಲೇಬೇಕು ಅಂತ ಕಾನೂನು. ಆರೋಗ್ಯದ ಪ್ರಶ್ನೆ ಇಲ್ಲ. ಹಳೇ ಕವರೇಜ್ ಮುಗಿಯುವ 60 ದಿನ ಮೊದಲಿನಿಂದ, ಮುಗಿದ ಮೇಲೆ 63 ದಿನದೊಳಗೆ ಅರ್ಜಿ ಹಾಕಬೇಕು. ನಾವು ನದಿ ದಾಟಿ ಬೇರೆ ರಾಜ್ಯಕ್ಕೆ ಬರುತ್ತಿದ್ದದ್ದೇ ನಮ್ಮನ್ನು ಕಾಪಾಡಿತು. ಅದೇ ಕೌಂಟಿಯೊಳಗೆ ಹತ್ತು ಮೈಲಿ ಆಚೆಯ ಸಿಸಿಆರ್‌ಸಿಗೆ ಸೇರಿದ್ದರೆ ಈ ಬಾಗಿಲು ಇರುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ನಾವು ಅರ್ಜಿ ಹಾಕಿದ್ದು ತೀರಾ ಬೇಗ, ತಪ್ಪು ದಾರಿಯಲ್ಲಿ. ಬೇಡ ಅಂದ ಕಂಪನಿಗೇ ಜೂನ್‌ನಲ್ಲಿ ಮತ್ತೆ ಹಾಕಿದೆವು. ಏಜೆಂಟ್ ಮತ್ತೆ ಆರೋಗ್ಯದ ಪ್ರಶ್ನೆ ಓದಲು ಶುರು ಮಾಡಿದ. ಆಯಮ್ಮ ಹೇಳಿಕೊಟ್ಟಿದ್ದ ಹಾಗೆ, ‘ಗ್ಯಾರಂಟೀಡ್ ಇಶ್ಯೂ ಅನ್ನುವ ಭಾಗಕ್ಕೆ ಹೋಗಿ, ಪ್ಲಾನಿನ ಸರ್ವಿಸ್ ಏರಿಯಾ ಬಿಟ್ಟು ಹೋಗುತ್ತಿದ್ದೇವೆ ಅನ್ನುವ ಬಾಕ್ಸ್‌ಗೆ ಟಿಕ್ ಹಾಕಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೀಬೋರ್ಡ್ ಮಾತ್ರ ಕೇಳಿಸುತ್ತಿತ್ತು. ‘ಯೆಸ್ ಮ್ಯಾಮ್’ ಅಂದ.

ಇದರಲ್ಲೂ ಒಂದು ತಮಾಷೆ. ಒಂದೇ ಮನೆ, ಒಂದೇ ಕಂಪನಿ, ಇಬ್ಬರಿಗೂ ಬೇರೆ ಬೇರೆ ಅಕ್ಷರ. 2020ರ ಜನವರಿಗೆ ಮೊದಲೇ ಮೆಡಿಕೇರ್‌ಗೆ ಅರ್ಹರಾದವರಿಗೆ ಈ ಹಕ್ಕಿನಲ್ಲಿ ಪ್ಲಾನ್ ಎಫ್ ಸಿಗುತ್ತದೆ. ಆಮೇಲೆ ಬಂದವರಿಗೆ ಎಫ್ ಮಾರುವಂತೆಯೇ ಇಲ್ಲ, ಅದರ ಬದಲು ಜಿ. ಹಾಗಾಗಿ ಅವರದು ಎಫ್, ನನ್ನದು ಜಿ. ದೊಡ್ಡ ವ್ಯತ್ಯಾಸ ಒಂದೇ. ವರ್ಷಕ್ಕೊಮ್ಮೆಯ ಪಾರ್ಟ್ ಬಿ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರು ಮಾಡುವ ಮೊದಲು ನಮ್ಮ ಪಾಲಿಗೆ ಬರುವ ಮೊತ್ತ, 2025ರಲ್ಲಿ 257 ಡಾಲರ್, ಜಿ ಕೊಡುವುದಿಲ್ಲ, ಎಫ್ ಕೊಡುತ್ತದೆ. ಅವರ ಪ್ರೀಮಿಯಂ ತಿಂಗಳಿಗೆ 287, ನನ್ನದು 168. ಔಷಧಿಗೆ ಪಾರ್ಟ್ ಡಿ ಬೇರೆ. ಸೊನ್ನೆ ಪ್ರೀಮಿಯಂನಿಂದ ಬಂದವರಿಗೆ ಇದು ಹೊಟ್ಟೆಗೆ ಗುದ್ದಿದ ಹಾಗೆಯೇ. ಸಿಸಿಆರ್‌ಸಿ ಬಜೆಟ್ ಹಾಕುವಾಗ ಇದನ್ನೂ ಸೇರಿಸಿ, ಅವರ ಬ್ರೋಷರ್‌ನಲ್ಲಿ ಇರುವುದಿಲ್ಲ.

ಕಡೆಗೊಂದು ಗಂಟು ಬಿತ್ತು. ಕಮ್ಯುನಿಟಿಯವರು ಪಾಲಿಸಿ ತೋರಿಸದೆ ಕೀ ಕೊಡುವುದಿಲ್ಲ ಅಂದರು. ಇನ್ಶೂರೆನ್ಸ್‌ನವರು ಹೊಸ ವಿಳಾಸ ತೋರಿಸದೆ ಪಾಲಿಸಿ ಕೊಡುವುದಿಲ್ಲ ಅಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಆಗಲೂ ಬಿಡಿಸಿದ್ದು ಆಯಮ್ಮನೇ. ಸಹಿಯಾದ ಕರಾರಿನ ಮೊದಲ ಪುಟವನ್ನೇ ವಿಳಾಸದ ಪುರಾವೆಯಾಗಿ ಕಳಿಸಿ, ಇನ್ಶೂರೆನ್ಸ್‌ನವರಿಂದ ‘ಆಗಸ್ಟ್ 1ರಿಂದ ಕವರೇಜ್ ಶುರು’ ಅಂತ ಒಪ್ಪಿಗೆ ಪತ್ರ ತರಿಸಿ ಅಂದರು. ಆ ಪತ್ರ ನೋಡಿ ಕಮ್ಯುನಿಟಿಯವರು ಕೀ ಕೊಟ್ಟರು. ಜುಲೈ 18ಕ್ಕೆ ಬಂದೆವು, ಜುಲೈ 31ಕ್ಕೆ ಹಳೇ ಪ್ಲಾನ್ ಮುಗಿಯಿತು. ಹೊಸ ಪತ್ರ ಕೈಗೆ ಬರುವ ತನಕ ಹಳೆಯದನ್ನು ನೀವಾಗಿ ಬಿಡಬೇಡಿ, ಯಾರು ಏನೇ ಹೇಳಲಿ.

ಆಯಮ್ಮ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಮನೆ ಮಾರಿದ ಲಾಭದಲ್ಲಿ ಗಂಡ ಹೆಂಡತಿಗೆ 5 ಲಕ್ಷ ಡಾಲರ್ ತನಕ ತೆರಿಗೆ ಇಲ್ಲ. ಅದರ ಮೇಲಿನದು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಪಾರ್ಟ್ ಬಿ ಪ್ರೀಮಿಯಂ ಎರಡು ವರ್ಷ ಹಿಂದಿನ ಆದಾಯ ನೋಡಿ ಏರುತ್ತದೆ, ಐರ್ಮಾ ಅನ್ನುತ್ತಾರೆ. ಹಾಗಾಗಿ 2025ರಲ್ಲಿ ಮಾರಿದ ಮನೆ 2027ರಲ್ಲಿ ಬಂದು ಕಾಲು ಹಿಡಿಯುತ್ತದೆ. ಮನೆ ಮಾರಿದ್ದು ಅಂತ ಹೇಳಿ ವಿನಾಯಿತಿ ಕೇಳಿದರೆ ನಡೆಯುವುದಿಲ್ಲ. ಇತ್ತ ಎ ಕರಾರಿನಲ್ಲಿ ಎಂಟ್ರೆನ್ಸ್ ಫೀಯ ಒಂದು ಭಾಗವನ್ನು ವೈದ್ಯಕೀಯ ಖರ್ಚು ಅಂತ ತೆರಿಗೆಯಲ್ಲಿ ತೋರಿಸಬಹುದು. ಎಷ್ಟು ಭಾಗ ಅನ್ನುವ ಪತ್ರವನ್ನು ಆಫೀಸಿನವರೇ ಕೊಡುತ್ತಾರೆ. ಈ ಪತ್ರ ಮಾತ್ರ ಕೇಳುವ ಮೊದಲೇ ಬಂತು, ಹೇಳಲೇಬೇಕು.

ಇಷ್ಟೆಲ್ಲ ಆಗಿ ಎರಡು ತಿಂಗಳೂ ತುಂಬಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ನಮ್ಮವರು ಬಚ್ಚಲಿನಿಂದ ಬರುತ್ತಾ ಜಾರಿದರು. ಸೊಂಟದ ಮೂಳೆ. ಎಮರ್ಜೆನ್ಸಿಯಲ್ಲಿ ಅವರಿಗೆ ನೋವಿನ ಇಂಜೆಕ್ಷನ್ ಕೊಡುತ್ತಿರುವಾಗಲೇ ನಾನು ನರ್ಸ್‌ನ ಕೇಳಿದೆ, ‘ಇನ್‌ಪೇಷೆಂಟಾ, ಅಬ್ಸರ್ವೇಶನ್ನಾ?’ ‘ಏನೇ ನೀನು, ನನ್ನ ಕಾಲು ನೋಡೇ ಮೊದಲು’ ಅಂದರು ಇವರು. ಆದರೆ ಕೇಳಲೇಬೇಕು. ಅದೇ ಹಾಸಿಗೆ, ಅದೇ ಡಾಕ್ಟರ್, ಆದರೂ ಅಬ್ಸರ್ವೇಶನ್, ಅಂದರೆ ದಾಖಲು ಮಾಡದೆ ನೋಡಿಕೊಳ್ಳುವುದು, ಅಂತ ಬರೆದ ರಾತ್ರಿ ಆ ಮೂರು ದಿನದ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ರಾತ್ರಿ ಹಾಗೇ ಹೋಯಿತು. ಮಾರನೇ ದಿನ ಆಪರೇಷನ್, ಅಲ್ಲಿಂದ ನಾಲ್ಕು ದಿನ ಇನ್‌ಪೇಷೆಂಟ್. ಆಮೇಲೆ ನಮ್ಮದೇ ಕಾಂಪೌಂಡಿನ ನರ್ಸಿಂಗ್‌ನಲ್ಲಿ 34 ದಿನ.

ಆ ದಿನಗಳಲ್ಲಿ ಈ ಜಾಗದ ಬೆಲೆ ಗೊತ್ತಾಯಿತು. ಮನೆಯಿಂದ ಅವರ ಹಾಸಿಗೆಗೆ ನಾಲ್ಕು ನಿಮಿಷದ ನಡಿಗೆ, ಮಳೆಯಲ್ಲೂ ಛತ್ರಿ ಬೇಡ. ಬೆಳಗ್ಗೆ ಫ್ಲಾಸ್ಕ್‌ನಲ್ಲಿ ಕಾಫಿ ಹಿಡಿದು ಹೋಗುತ್ತಿದ್ದೆ. ಥೆರಪಿ ಹುಡುಗ ಎರಡು ಹೊತ್ತೂ ಬಂದು ನಡೆಸುತ್ತಿದ್ದ. ನವೆಂಬರ್‌ನಲ್ಲಿ ಲೆಕ್ಕದ ಕಾಗದ ಬಂತು. ಆಸ್ಪತ್ರೆಯ ಡಿಡಕ್ಟಿಬಲ್ 1,676, ನರ್ಸಿಂಗ್‌ನ ಹದಿನಾಲ್ಕು ದಿನದ ಪಾಲು 2,933. ಎರಡನ್ನೂ ಪ್ಲಾನ್ ಎಫ್ ಕೊಟ್ಟಿತ್ತು. ನೀವು ಕೊಡಬೇಕಾದ್ದು ಅನ್ನುವ ಕಡೆ 0.00. ಆ ಸೊನ್ನೆಗಳನ್ನು ಇವರಿಗೆ ಓದಿ ಹೇಳಿದಾಗ ಮಾತಿಲ್ಲ, ಸುಮ್ಮನೆ ತಲೆ ಅಲ್ಲಾಡಿಸಿದರು.

ಅಡ್ವಾಂಟೇಜ್ ಎಲ್ಲಾ ಕೆಟ್ಟದ್ದು ಅಂತ ಅಲ್ಲ. ಎಷ್ಟೋ ಪ್ಲಾನ್‌ಗಳು ಮೂರು ದಿನದ ಆ ನಿಯಮವನ್ನೇ ಕೇಳುವುದಿಲ್ಲ. ಅಡ್ವಾಂಟೇಜ್ ಒಪ್ಪುವ ಸಿಸಿಆರ್‌ಸಿಗಳೂ ಇವೆ. ಅಡ್ವಾಂಟೇಜ್ ಇರುವವರಿಗೆ ಆಸ್ಪತ್ರೆಯಿಂದ ತಮ್ಮದೇ ಕಮ್ಯುನಿಟಿಯ ನರ್ಸಿಂಗ್‌ಗೆ ಮರಳುವ ಹಕ್ಕೂ ಕಾನೂನಿನಲ್ಲಿದೆ, ಅಲ್ಲಿಯವರು ಪ್ಲಾನಿನ ರೇಟಿಗೆ ಒಪ್ಪಬೇಕು ಅಷ್ಟೇ. ಸೇರುವ ಮೊದಲು ಇದನ್ನು ಬಾಯಲ್ಲಿ ಕೇಳಬೇಡಿ, ಬರೆಸಿಕೊಳ್ಳಿ. ನಮಗೆ ಮೆಡಿಗ್ಯಾಪ್‌ನಿಂದ ಸಿಕ್ಕ ಇನ್ನೊಂದು ಲಾಭ, ಮೈಸೂರಿಗೆ ಹೋದಾಗ. ಮೆಡಿಕೇರ್ ಇಂಡಿಯಾದಲ್ಲಿ ಕೆಲಸಕ್ಕೆ ಬಾರದು. ಎಫ್ ಮತ್ತು ಜಿ, ಪ್ರಯಾಣದ ಮೊದಲ 60 ದಿನದಲ್ಲಿ ತುರ್ತು ಚಿಕಿತ್ಸೆ ಬೇಕಾದರೆ 250 ಡಾಲರ್ ಕಳೆದು 80 ಪರ್ಸೆಂಟ್ ಕೊಡುತ್ತವೆ, ಜೀವಮಾನಕ್ಕೆ 50,000 ತನಕ. ನಾವು ಮೂರು ತಿಂಗಳು ಇರುವವರು. ಉಳಿದ ಒಂದು ತಿಂಗಳಿಗೆ ಬೇರೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಬೇಕು.

ಡಿಸೆಂಬರ್‌ನಲ್ಲಿ ಆಫೀಸಿಗೆ ಅರ್ಧ ಪುಟ ಬರೆದು ಕೊಟ್ಟೆ. ಗುಲಾಬಿ ಹಾಳೆಯ ಆರನೇ ಸಾಲಿನ ಕೆಳಗೆ ‘ಅಡ್ವಾಂಟೇಜ್ ಇದ್ದರೆ ದುಡ್ಡು ಕಟ್ಟುವ ಮೊದಲು ಪಿಎ ಮೆಡಿಯವರನ್ನು ಕಾಣಿ’ ಅಂತ ಒಂದು ಸಾಲು ಸೇರಿಸಿ ಅಂತ. ಲೀಗಲ್‌ನವರಿಗೆ ಕಳಿಸುತ್ತೇವೆ ಅಂದರು. ಮೊನ್ನೆ ನ್ಯೂಜೆರ್ಸಿಯಿಂದ ಒಂದು ಜೋಡಿ ಜಾಗ ನೋಡಲು ಬಂದಿತ್ತು. ಊಟದ ಹಾಲ್‌ನಲ್ಲಿ ಅವರ ತಟ್ಟೆಯ ಪಕ್ಕ ಅದೇ ಹಳೇ ಗುಲಾಬಿ ಹಾಳೆ. ಗಂಡಸು ಪರ್ಸ್ ತೆಗೆದು ಕಾರ್ಡ್ ನೋಡಿಕೊಳ್ಳುತ್ತಿದ್ದರು. ನಾನು ನನ್ನ ಸೂಪ್ ಎತ್ತಿಕೊಂಡು ಅವರ ಟೇಬಲ್‌ಗೆ ಹೋಗಿ ಕೂತೆ.